ಅಧಿಕ ಮಾಸದಲ್ಲಿ ಅಪ್‌ಡೇಟ್

3035583.

ಅಡುಗೆ ಗ್ಯಾಸಿನ ಗ್ರಾಹಕ ಸಂಖ್ಯೆ ಹೇಳಿ ಎಂದರೆ ನಾನು ಪುಸ್ತಕ ಹುಡುಕುತ್ತೇನೆ. ಹೆಂಡತಿಯ ಮೊಬೈಲ್ ನಂಬರು ಹೇಳಿ ಎಂದರೆ ನನ್ನ ಮೊಬೈಲನ್ನೇ ಕೇಳಬೇಕು. ಈ ಏಳು ಅಂಕಿ ಮಾತ್ರ ನಡುರಾತ್ರಿ ಎಬ್ಬಿಸಿ ಕೇಳಿದರೂ ತಡವರಿಸದೆ ಬರುತ್ತದೆ. ಸಾಗರದ ಡಿಟಿಪಿ ಅಂಗಡಿಯೊಂದರ ಗೋಡೆಯ ಮೇಲೆ, ಕರೆಂಟಿನವರದು, ಪೇಪರ್ ಏಜೆಂಟರದು, ಗಂಡು ಕಡೆಯ ಯಾರದೋ ಒಂದು, ಹೀಗೆ ಸಾಲಾಗಿದ್ದ ನಂಬರುಗಳ ತಳದಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ನಮ್ಮ ಕಡೆ ಲ್ಯಾಂಡ್‌ಲೈನಿಗೆ ಆರೇ ಅಂಕಿ. ‘ಇದೆಂತ, ಬೆಂಗಳೂರಿನ ಹಳೇ ನಂಬರಾ?’ ಎಂದು ಗಿರಾಕಿಯೊಬ್ಬರು ಕೇಳಿದ್ದಕ್ಕೆ ಅಂಗಡಿಯ ಯಜಮಾನರು ಮಾನಿಟರಿನಿಂದ ಕಣ್ಣು ಕೀಳದೆ, ‘ಅಲ್ಲ ಮಾರಾಯ್ರೆ, ಅಮೆರಿಕದವರದ್ದು. ಬಂದರೆ ಒಳಗೆ ಬಿಡೂದಲ್ಲ ಅಂತ ಬರ್ದಿಟ್ಟದ್ದು’ ಎಂದಿದ್ದರು.

ವಿಂಡೋಸ್ 7 ಓಡಿಸುತ್ತಿದ್ದವರಿಗೆ ಈ ಅಮೆರಿಕದವರ ಗುರುತು ಇದ್ದೇ ಇರುತ್ತದೆ. ಮೈಕ್ರೋಸಾಫ್ಟ್ ತನ್ನ ಒಂದೊಂದು ಅಪ್‌ಡೇಟಿಗೂ ಕೆಬಿ ಎಂಬ ಇನಿಷಿಯಲ್ ಹಚ್ಚಿ ಒಂದು ನಂಬರು ಕೊಡುತ್ತದೆ. ಅವುಗಳಲ್ಲಿ ಹೆಚ್ಚಿನವು ಸಂಭಾವಿತರು. ಸದ್ದಿಲ್ಲದೆ ಬಂದು ಎಲ್ಲೋ ತೂತು ಮುಚ್ಚಿ, ಇನ್ನೆಲ್ಲೋ ಸಡಿಲಾದ್ದನ್ನು ಬಿಗಿ ಮಾಡಿ, ಒಂದು ರೀಸ್ಟಾರ್ಟ್ ಬೇಡಿ ಸುಮ್ಮನಾಗುತ್ತವೆ. 2015ರ ಬೇಸಿಗೆಯಲ್ಲಿ ಬಂದ ಕೆಬಿ 3035583 ಆ ಜಾತಿಯದ್ದಲ್ಲ. ಅದರ ವಿವರಣೆ ಓದಿದರೆ ಅಪ್‌ಡೇಟ್ ಬಂದಾಗ ತಿಳಿಸುವುದಕ್ಕೆ ಏನೋ ಹೆಚ್ಚಿನ ಅನುಕೂಲ ಎನ್ನುವಷ್ಟೇ ತಿಳಿಯುತ್ತಿತ್ತು. ಬಂದವನು ಎರಡು ತಿಂಗಳು ಬಾಯಿ ಬಿಡದೆ ಕೂತಿದ್ದ. ಜೂನ್ 1ಕ್ಕೆ ಗುಟ್ಟು ಹೊರಬಿತ್ತು. ಪರದೆಯ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಪುಟ್ಟದೊಂದು ಬಿಳಿ ಕಿಟಕಿ ಕಾಣಿಸಿಕೊಂಡಿತು. ವಿಂಡೋಸ್ 10 ಬರುತ್ತಿದೆ, ಪುಕ್ಕಟೆ, ಈಗಲೇ ಹೆಸರು ಬರೆಸಿಕೊಳ್ಳಿ. ಜುಲೈ 29ಕ್ಕೆ ಅದು ಬಂತು. ಪುಕ್ಕಟೆಯ ಅವಧಿ ಅಲ್ಲಿಂದ ಒಂದು ವರ್ಷ.

ಅಡಿಕೆ ಮಂಡಿಯಲ್ಲಿ ತಲೆಮಾರುಗಳಿಂದ ವ್ಯವಹಾರ ಮಾಡಿದ ಊರು ನಮ್ಮದು. ಪುಕ್ಕಟೆ ಎಂದರೆ ಮೊದಲು ತಕ್ಕಡಿ ನೋಡುವವರು. ಆದರೆ ಯಜಮಾನರು ಬೇಡ ಎನ್ನುವುದಕ್ಕೆ ಅನುಮಾನವೊಂದೇ ಕಾರಣವಲ್ಲ. ಆ ಕಾಲದ ಕನ್ನಡ ಡಿಟಿಪಿ ಅಂಗಡಿಯನ್ನು ಒಳಹೊಕ್ಕು ನೋಡಿದವರಿಗಷ್ಟೇ ಅದು ಅರ್ಥವಾದೀತು. ಅಲ್ಲಿ ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿಯಾದ ಏಳನೆಯದು ಬಂದದ್ದು 2001ರಲ್ಲಿ. ಆಮೇಲೆ ಅದನ್ನು ಮಾಡಿದವರೇ ಕೈಬಿಟ್ಟರು, ಕನ್ನಡದವರು ಬಿಡಲಿಲ್ಲ. ಅಕ್ಷರ ಮೂಡಿಸುವುದಕ್ಕೆ ನುಡಿ ತಂತ್ರಾಂಶ. ಸ್ಕ್ರಾಲ್ ಲಾಕ್ ಒತ್ತಿ ಕೀಬೋರ್ಡಿನ ಮೂಲೆಯ ಹಸಿರು ದೀಪ ಹತ್ತಿಸಿಕೊಂಡರೆ ಕನ್ನಡ, ಆರಿಸಿದರೆ ಇಂಗ್ಲಿಷು. ಜಗತ್ತಿನಲ್ಲಿ ಇನ್ಯಾರಿಗೂ ಯಾಕಿದೆಯೆಂದು ಗೊತ್ತಿಲ್ಲದ ಆ ಕೀಲಿಗೆ ನಾವು ಉದ್ಯೋಗ ಕೊಟ್ಟಿದ್ದೆವು. ಇನ್ನು ಪ್ರಿಂಟರು. ಅದರ ಡ್ರೈವರ್ ಸಿಡಿ ಪ್ಲಾಸ್ಟಿಕ್ ಕವರಿನಲ್ಲಿ, ಕವರಿಗೆ ರಬ್ಬರ್ ಬ್ಯಾಂಡು, ಬ್ಯಾಂಡು ಹಾಕಿದ ಕವರು ದೇವರ ಫೋಟೋದ ಹಿಂದೆ.

ಇವುಗಳಲ್ಲಿ ಯಾವುದೊಂದು ಮುನಿಸಿಕೊಂಡರೂ ಏನಾಗುತ್ತದೆಂದು ಕನ್ನಡದಲ್ಲಿ ಬರೆದು ಬದುಕುವವರಿಗೆಲ್ಲ ಗೊತ್ತು. ಲಗ್ನಪತ್ರಿಕೆಯಲ್ಲಿ ‘ಚಿ॥ ರಾ॥’ ಎಂದಿರಬೇಕಾದ ಜಾಗದಲ್ಲಿ ತಲೆಗೆ ಟೋಪಿ, ಕಾಲಿಗೆ ಬಾಲ ಹಚ್ಚಿಕೊಂಡ ಪರದೇಶಿ ಅಕ್ಷರಗಳು, ನಡುವೆ ಒಂದು ಪೌಂಡಿನ ಚಿಹ್ನೆ, ಅಲ್ಲೊಂದು ಇಲ್ಲೊಂದು ತಿರುಗುಮುರುಗಾದ ಪ್ರಶ್ನಾರ್ಥಕ. ಫಾಂಟು ಕಾಣೆಯಾದ ನುಡಿಯ ಕಡತ ಹಾಗಿರುತ್ತದೆ. ಮುಹೂರ್ತಕ್ಕೆ ಹದಿನೈದು ದಿನ ಇರುವಾಗ ಹುಡುಗಿಯ ಅಪ್ಪ ಎದುರಿನ ಸ್ಟೂಲಿನಲ್ಲಿ ಕೂತು ಆ ಪರದೆಯನ್ನು ನೋಡುವುದನ್ನು ಕಲ್ಪಿಸಿಕೊಳ್ಳಿ. ‘ಹೊಸತು ಒಳ್ಳೇದೇ ಇರಬಹುದು. ಆದರೆ ಹೊಸತರಲ್ಲಿ ನನ್ನ ಹಳೇದು ಎಲ್ಲ ಕೂತ್ಕಳ್ತದಾ ಅಂತ ಅವರು ನೋಡಿದ್ದಾರಾ? ಇಲ್ಲ. ನಾನು ನೋಡಿದ್ದೇನಾ? ಇಲ್ಲ. ಹಾಗಾದ್ರೆ ಮದುವೆ ಸೀಸನ್ನಿನಲ್ಲಿ ನೋಡೂದು ಎಂತಕ್ಕೆ?’ ಯಜಮಾನರ ಈ ತರ್ಕಕ್ಕೆ ನನ್ನಲ್ಲಿ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಹಾಗಾಗಿ ತೆಗೆಯುವ ಶಾಸ್ತ್ರ. ಅದಕ್ಕೊಂದು ಕ್ರಮವಿತ್ತು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಇನ್‌ಸ್ಟಾಲ್ ಆದ ಅಪ್‌ಡೇಟುಗಳ ಪಟ್ಟಿ ತೆರೆದು, ಮೂಲೆಯ ಹುಡುಕುವ ಪೆಟ್ಟಿಗೆಯಲ್ಲಿ ಗೋಡೆ ನೋಡಿಕೊಂಡು ನಂಬರು ಒತ್ತಬೇಕು. ಇದ್ದರೆ ಸಿಗುತ್ತದೆ. ಬಲಗುಂಡಿ ಒತ್ತಿ ಅನ್‌ಇನ್‌ಸ್ಟಾಲ್. ರೀಸ್ಟಾರ್ಟ್. ಅನನುಭವಿಗಳು ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ. ಅಂಥವರ ಮನೆಗೆ ಅದು ಮಾರನೇ ದಿನವೇ ಬಂದಿರುತ್ತದೆ. ತೆಗೆದ ಮೇಲೆ ಅಪ್‌ಡೇಟ್ ಹುಡುಕಲು ನಾವೇ ಹೇಳಬೇಕು. ಅದು ಹುಡುಕಿ ತಂದ ಪಟ್ಟಿಯಲ್ಲಿ ಇವನನ್ನು ಮತ್ತೆ ಗುರುತಿಸಿ, ಬಲಗುಂಡಿ ಒತ್ತಿ, ‘ಹೈಡ್’ ಎನ್ನಬೇಕು. ಹೆಸರು ಬೂದು ಬಣ್ಣಕ್ಕೆ ತಿರುಗಿತೋ, ಆಮೇಲೆ ಕಾಫಿ. ಆ ಬೂದು ಬಣ್ಣ ನೋಡುವುದರಲ್ಲಿ ಒಂದು ತೃಪ್ತಿಯಿತ್ತು. ನಾನಂತೂ ಮನೆಯ ಕಂಪ್ಯೂಟರಿನಲ್ಲಿ ಬೇಕೆಂದೇ ಆ ಪಟ್ಟಿ ತೆರೆದು ನೋಡುತ್ತಿದ್ದೆ. ಮೈಕ್ರೋಸಾಫ್ಟ್‌ನವರು ಅದೇ ನಂಬರಿನ ಅಪ್‌ಡೇಟನ್ನು ತಿದ್ದಿ ತಿದ್ದಿ ಹೊಸದಾಗಿ ಬಿಡುಗಡೆ ಮಾಡುತ್ತಿದ್ದರು. ಹೊಸದಾಗಿ ಬಿಟ್ಟಾಗ ಬಚ್ಚಿಟ್ಟದ್ದು ಮತ್ತೆ ಕಪ್ಪಕ್ಷರದಲ್ಲಿ ಎದ್ದು ಕೂರುತ್ತಿತ್ತು. ಅದಕ್ಕೇ ಯಜಮಾನರು ಅದನ್ನು ಮರೆತುಹೋಗದ ಹಾಗೆ ಗೋಡೆಗೆ ಬರೆದದ್ದು.

ಇನ್ನು ಡೇಟಾ. ಜಿಯೋ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಒಂದು ಜಿಬಿಗೆ 250 ರೂಪಾಯಿಯ ಆಸುಪಾಸು ತೆತ್ತು, ಯುಎಸ್‌ಬಿ ಡಾಂಗಲನ್ನು ಕಿಟಕಿಯ ಸರಳಿಗೆ ಕಟ್ಟಿ ಸಿಗ್ನಲ್ ಹಿಡಿಯುತ್ತಿದ್ದ ಜನ ನಾವು. ಕೇಳದೆಯೇ ಇಳಿದು, ಸಿ ಡ್ರೈವಿನಲ್ಲಿ ಡಾಲರ್ ಚಿಹ್ನೆಯಿಂದ ಶುರುವಾಗುವ ಹೆಸರಿಟ್ಟುಕೊಂಡು ಮರೆಯಾಗಿ ಕೂರುವ ವಿಂಡೋಸ್ 10ರ ಫೋಲ್ಡರು ಹಲವು ಜಿಬಿ ತೂಗುತ್ತಿತ್ತು. ಹೆಸರಿನ ಮುಂದೆಯೇ ಡಾಲರ್ ಇರುವ ಪುಕ್ಕಟೆ ವಸ್ತುವನ್ನು ನಂಬಬಾರದು ಎಂದು ನಮಗೆ ಹೊಳೆದದ್ದೂ ತಡವಾಗಿಯೇ.

ಮಲೆನಾಡಿನ ಮದುವೆಯೂಟದಲ್ಲಿ ಕೂತವರಿಗೆ ಈ ವಿಂಡೋಸ್ 10ರ ಪ್ರಕರಣವನ್ನು ಬೇರೆ ವಿವರಿಸಬೇಕಿಲ್ಲ. ಹೋಳಿಗೆ ಬಡಿಸುವವರು ‘ಬೇಕಾ, ಬೇಡವಾ’ ಎಂದು ಕೇಳುವುದಿಲ್ಲ. ‘ಎರಡಾ, ಮೂರಾ’ ಎಂದು ಕೇಳುತ್ತಾರೆ. ಅವತ್ತು ಪರದೆಯ ಮೇಲೆ ಬರುತ್ತಿದ್ದ ಪೆಟ್ಟಿಗೆಯ ಗುಂಡಿಗಳೂ ಹಾಗೇ: ಈಗಲೇ ಮಾಡಲೋ, ಇವತ್ತು ರಾತ್ರಿ ಮಾಡಲೋ. ಬೇಡ ಎನ್ನುವ ಗುಂಡಿ ಇಲ್ಲ. ಬಲಮೂಲೆಯ ಕೆಂಪು ಗುಣಾಕಾರ ಚಿಹ್ನೆಯೊಂದೇ ಗತಿ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದಕ್ಕೆ ಅದು ಸಮ. ಕೈ ಅಡ್ಡ ಹಿಡಿದರೆ ಸುಮ್ಮನಿರುವವರು ಹೊಸಬರು. ಪಳಗಿದವರು ಕೈಯ ಮೇಲೇ ತುಪ್ಪ ಸುರಿಯುತ್ತಾರೆ. 2016ರ ಮೇ ತಿಂಗಳಲ್ಲಿ ಅದೂ ಆಯಿತು. ಇಂಥ ದಿನ ಇಂಥ ಹೊತ್ತಿಗೆ ಅಪ್‌ಗ್ರೇಡ್ ಎಂದು ತಾನೇ ಮುಹೂರ್ತ ಇಟ್ಟು ಪೆಟ್ಟಿಗೆ ಮುಂದೆ ಬಂದಾಗ, ಗುಣಾಕಾರ ಒತ್ತಿ ಮುಚ್ಚಿದವರನ್ನು ಒಪ್ಪಿದವರು ಎಂದೇ ಲೆಕ್ಕ ಹಿಡಿಯಲಾಯಿತು. ಜಗತ್ತಿನಾದ್ಯಂತ ಗಲಾಟೆಯೆದ್ದಿತು. ಆ ವರ್ಷದ ಕೊನೆಗೆ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥ ಕ್ರಿಸ್ ಕಪೊಸೆಲಾ ಅವರೇ, ಅಲ್ಲಿ ಗೆರೆ ದಾಟಿದೆವು ಎಂಬರ್ಥದಲ್ಲಿ ಒಪ್ಪಿಕೊಂಡರು. ತುಪ್ಪ ಸುರಿದು ಆಮೇಲೆ ಕೈಗೆ ನೀರು ಕೊಡುವವರೂ ಎಲ್ಲರೂ ಅಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವರೇ.

ಆಗಿನ ಸುದ್ದಿಗಳನ್ನು ಯಜಮಾನರು ಪೇಪರಿನಿಂದ ಕತ್ತರಿಸಿ ಇಟ್ಟುಕೊಳ್ಳದಿದ್ದರೂ ಬಾಯಲ್ಲಿ ಇಟ್ಟುಕೊಂಡಿದ್ದರು. ಅಮೆರಿಕದ ಅಯೋವಾ ರಾಜ್ಯದ ಟಿವಿ ವಾಹಿನಿಯೊಂದರಲ್ಲಿ 2016ರ ಏಪ್ರಿಲಿನಲ್ಲಿ ಹವಾಮಾನ ವರದಿ ನೇರ ಪ್ರಸಾರವಾಗುತ್ತಿರುವಾಗ, ಮಳೆಯ ರಾಡಾರ್ ನಕ್ಷೆಯ ಮೇಲೆಯೇ ವಿಂಡೋಸ್ 10ಕ್ಕೆ ಬನ್ನಿ ಎಂಬ ಪೆಟ್ಟಿಗೆ ಬಂದು ಕೂತಿತು. ವರದಿ ಹೇಳುತ್ತಿದ್ದಾಕೆ ನಕ್ಕು ಮುಂದೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸದ ವ್ಯವಹಾರ ನಡೆಸುತ್ತಿದ್ದ ಮಹಿಳೆ ಮಾತ್ರ ನಗಲಿಲ್ಲ. ತಾನು ಒಪ್ಪದೆಯೇ ಅಪ್‌ಗ್ರೇಡ್ ಶುರುವಾಗಿ ಕಂಪ್ಯೂಟರ್ ಕೆಲಸಕ್ಕೆ ಬಾರದಂತಾಯಿತೆಂದು ಕೋರ್ಟಿಗೆ ಹೋಗಿ 10,000 ಡಾಲರ್ ಗೆದ್ದರು. ಕಂಪನಿ ಮೇಲ್ಮನವಿಯನ್ನು ಕೈಬಿಟ್ಟಿತು. ಈ ಮೊತ್ತವನ್ನು ಯಜಮಾನರು ರೂಪಾಯಿಗೆ ಪರಿವರ್ತಿಸಿ, ಅದರಲ್ಲಿ ಎಷ್ಟು ಲಗ್ನಪತ್ರಿಕೆ ಎಂದು ಲೆಕ್ಕ ಹಾಕಿ, ಒಂದು ಕ್ಷಣ ಅಪ್‌ಡೇಟನ್ನು ಒಳಗೆ ಬಿಡುವ ಬಗ್ಗೆ ಯೋಚಿಸಿದಂತೆ ಕಂಡರು.

ಕೈಯಿಂದ ತೆಗೆದು ತೆಗೆದು ದಣಿದವರ ನೆರವಿಗೆ ಬಂದವರೂ ಇದ್ದರು. ಜೋಶ್ ಮೇಫೀಲ್ಡ್ ಎಂಬವರು ಆ ಬಿಳಿ ಕಿಟಕಿಯನ್ನು ಹಿಡಿದು ಕಟ್ಟಿಹಾಕುವ ಒಂದು ತಂತ್ರಾಂಶ ಬರೆದು ಪುಕ್ಕಟೆ ಹಂಚಿದರು. ಸ್ಟೀವ್ ಗಿಬ್ಸನ್ ಎಂಬ ಹಳೇ ಹುಲಿ ‘ನೆವರ್ 10’ ಎಂಬುದನ್ನು ಬಿಟ್ಟರು. ಅಸೆಂಬ್ಲಿ ಭಾಷೆಯಲ್ಲಿ ಅಕ್ಷರ ಅಕ್ಷರ ಕೆತ್ತಿ ಬರೆಯುವವರೆಂದು ಅವರಿಗೆ ಹೆಸರು. ಹಲವು ಜಿಬಿಯನ್ನು ಬಾಗಿಲಲ್ಲೇ ನಿಲ್ಲಿಸಲು ಅವರಿಗೆ ಬೇಕಾದದ್ದು ನೂರು ಕೆಬಿಗೂ ಕಡಿಮೆ. ಈ ಕೆಬಿ ಅಳತೆಯದು, ಇನಿಷಿಯಲ್ ಅಲ್ಲ.

ನನಗೆ ಬೇಸರವಾದದ್ದು ಒತ್ತಾಯದ ಕಾಲದಲ್ಲಿ ಅಲ್ಲ, ಅದು ಮುಗಿದ ಮೇಲೆ. ಪುಕ್ಕಟೆಯ ವರ್ಷ 2016ರ ಜುಲೈ 29ಕ್ಕೆ ಮುಗಿದು ಪೆಟ್ಟಿಗೆಗಳು ನಿಂತವು. ಅಕ್ಟೋಬರಿನಿಂದ ವಿಂಡೋಸ್ 7ಕ್ಕೂ ಅಪ್‌ಡೇಟುಗಳು ಬಿಡಿಬಿಡಿಯಾಗಿ ಬರುವುದು ನಿಂತು ತಿಂಗಳಿಗೊಂದು ಗಂಟಾಗಿ ಬರತೊಡಗಿದವು. ಎಲೆಯ ತುದಿಯಿಂದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಂದು ಒಂದೊಂದಾಗಿ ಬಡಿಸಿ, ಇದು ಸಾಕು ಅದು ಇರಲಿ ಎನ್ನಲು ಬಿಡುತ್ತಿದ್ದವರು ಎಲ್ಲ ಕಲಸಿ ಒಂದೇ ಮುದ್ದೆ ಹಾಕಿ ಹೋದಂತಾಯಿತು. ಗೋಡೆಯ ಮೇಲಿನ ನಂಬರಿಗೆ ಕೆಲಸವಿಲ್ಲದಾಯಿತು. ಪಟ್ಟಿ ತೆರೆದು, ಕನ್ನಡಕ ಸರಿ ಮಾಡಿಕೊಂಡು, ಒಂದೊಂದರ ವಿವರಣೆ ಓದಿ, ಇವನನ್ನು ಬಿಡಬಹುದು, ಇವನನ್ನು ಬೇಡ ಎಂದು ಟಿಕ್ ತೆಗೆಯುವ ಯಜಮಾನರ ಬುಧವಾರದ ಬೆಳಗೂ ಹೋಯಿತು. ಬುಧವಾರ ಏಕೆಂದರೆ, 2003ರ ಅಕ್ಟೋಬರಿನಿಂದ ಅಪ್‌ಡೇಟುಗಳು ಹೊರಬೀಳುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಲ್ಲಿ ಬೆಳಿಗ್ಗೆಯಾದರೆ ನಮಗೆ ರಾತ್ರಿ. ‘ಮಂಗಳವಾರ ಹೊಸ ಕೆಲಸಕ್ಕೆ ಕೈ ಹಾಕಬಾರದು ಅಂತ ಅವರಿಗೆ ಹೇಳುವವರಿಲ್ಲ, ಎಂತ ಮಾಡೂದು’ ಎಂದು ಯಜಮಾನರು ಮರುಗುತ್ತಿದ್ದರು.

ಆರಿಸುವುದು ಬರಿಯ ಹಟವಾಗಿರಲಿಲ್ಲ ಎನ್ನುವುದಕ್ಕೆ 2017ರ ಮೇ 12 ಸಾಕ್ಷಿ. ವಾನಾಕ್ರೈ ಎಂಬ ಪಿಡುಗು ಅವತ್ತು ಶುರುವಾಗಿ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ನಮ್ಮ ಪಕ್ಕದ ವಯನಾಡಿನ ಪಂಚಾಯಿತಿ ಕಚೇರಿಯಲ್ಲೂ ಪರದೆಗಳು ಕೆಂಪಾದವು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅದನ್ನು ತಡೆಯುವ ಅಪ್‌ಡೇಟು ಮಾರ್ಚ್ 14ಕ್ಕೇ ಬಂದಿತ್ತು! ಪೆಟ್ಟಿಗೆಗಳ ಕಾಟಕ್ಕೆ ರೋಸಿ ಎಲ್ಲ ಅಪ್‌ಡೇಟಿಗೂ ಒಟ್ಟಿಗೇ ಬಾಗಿಲು ಹಾಕಿದವರು ಆ ಗುಂಪಿನಲ್ಲಿ ಎಷ್ಟೋ ಜನ ಇದ್ದಿರಬೇಕೆಂಬುದು ನನ್ನ ಅನುಮಾನ. ಒಬ್ಬ ಅತಿಥಿ ಹೆಸರು ಕೆಡಿಸಿಕೊಂಡರೆ ಡಾಕ್ಟರು ಬಂದರೂ ಬಾಗಿಲು ತೆರೆಯುವುದಿಲ್ಲ. ನಮ್ಮ ಅಂಗಡಿಗೆ ಏನೂ ಆಗಲಿಲ್ಲ. ಯಜಮಾನರು ಮಾರ್ಚಿನ ಗಂಟನ್ನು ಗೊಣಗುತ್ತಲೇ ಒಳಗೆ ಬಿಟ್ಟುಕೊಂಡಿದ್ದರು.

2020ರ ಜನವರಿ 14ಕ್ಕೆ ವಿಂಡೋಸ್ 7ರ ಋಣ ಮುಗಿಯಿತು. ಆಮೇಲೆ ಬಂದ ಎರಡನೇ ಮಂಗಳವಾರಗಳಲ್ಲಿ ಆ ಕಂಪ್ಯೂಟರಿಗೆ ಯಾರೂ ಏನೂ ಕಳಿಸಲಿಲ್ಲ. ‘ಈಗ ಆರಾಮ’ ಎಂದು ಯಜಮಾನರು ಹೇಳಿದರು, ಆದರೆ ಹೇಳಿದ ದನಿಯಲ್ಲಿ ಆರಾಮ ಇರಲಿಲ್ಲ. ಬುಧವಾರ ಬೆಳಿಗ್ಗೆ ಅಭ್ಯಾಸ ಬಲದಿಂದ ಅದೇ ಪುಟ ತೆರೆದು ‘ಹುಡುಕು’ ಒತ್ತುವುದನ್ನು ನಾನೇ ನೋಡಿದ್ದೇನೆ. ಹಸಿರು ಪಟ್ಟಿ ಅತ್ತಿತ್ತ ಓಡಾಡಿ, ಹೊಸತೇನೂ ಇಲ್ಲ ಎಂದು ಹೇಳಿ ನಿಲ್ಲುತ್ತಿತ್ತು. ಬೇಡ ಅನ್ನಿಸಿಕೊಳ್ಳುವುದಕ್ಕಾದರೂ ಯಾರಾದರೂ ಬರಬೇಕಲ್ಲ.

ಅಂದು ಅಷ್ಟು ಕಾಡಿ ಬೇಡಿ ಕೂರಿಸಿದ ವಿಂಡೋಸ್ 10ರ ಪಂಕ್ತಿಯನ್ನೂ 2025ರ ಅಕ್ಟೋಬರ್ 14ಕ್ಕೆ ಎಬ್ಬಿಸಿದರು. ಮುಂದಿನ ಪಂಕ್ತಿ ವಿಂಡೋಸ್ 11ರದು, ಆದರೆ ಅಲ್ಲಿ ಬಾಗಿಲಲ್ಲೇ ತಪಾಸಣೆ. ಟಿಪಿಎಂ 2.0 ಎಂಬ ಚಿಪ್ ಇದೆಯೇ? ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನದೋ, ಅದರ ಈಚಿನದೋ? ಇಲ್ಲದಿದ್ದರೆ ಒಳಗೆ ಬರಬೇಡಿ. ಇದ್ದಲ್ಲೇ ಇರುವುದಾದರೆ ಇನ್ನೊಂದು ವರ್ಷದ ಮಟ್ಟಿಗೆ ಭದ್ರತೆಯ ಅಪ್‌ಡೇಟು ಕೊಡುತ್ತೇವೆ, ನಿಮ್ಮ ಸೆಟ್ಟಿಂಗುಗಳನ್ನು ನಮ್ಮಲ್ಲಿ ಬ್ಯಾಕಪ್ ಇಡಿ ಅಥವಾ 30 ಡಾಲರ್ ಕೊಡಿ ಎಂದರು. ಕೈಯ ಮೇಲೆ ತುಪ್ಪ ಸುರಿದವರೇ ಹತ್ತು ವರ್ಷದ ಮೇಲೆ ಮಜ್ಜಿಗೆಗೆ ಬಿಲ್ ಕೊಟ್ಟಾಗ ಸಿಟ್ಟು ಬರುವುದಕ್ಕಿಂತ ಹೆಚ್ಚಾಗಿ, ನಮಗೂ ವಯಸ್ಸಾಯಿತಲ್ಲ ಅನ್ನಿಸುತ್ತದೆ.

ಅಂಗಡಿಗೆ ಈಗ ವಿಂಡೋಸ್ 11ರ ಹೊಸ ಕಂಪ್ಯೂಟರ್ ಬಂದಿದೆ. ಹಳೆಯದು ನೆಟ್ಟಿನ ತಂತಿ ಕಿತ್ತುಕೊಂಡು ಒಳಕೋಣೆಯಲ್ಲಿದೆ. ಪೇಜ್‌ಮೇಕರಿನ ಹಳೇ ಫೈಲು ಹಿಡಿದು ಬರುವವರಿಗೆ ಮಾತ್ರ ಅದರ ದರ್ಶನ. ಹೊರಗಿನದನ್ನು ಮಗ ನೋಡಿಕೊಳ್ಳುತ್ತಾನೆ. ಇದರಲ್ಲಿ ತೆಗೆದು ಬಚ್ಚಿಡುವ ಶಾಸ್ತ್ರ ಇಲ್ಲ, ತಡೆಯುವುದೂ ಪೂರ್ತಿ ಇಲ್ಲ. ಇರುವುದು ಮುಂದೂಡುವುದೊಂದೇ, ಅದೂ ಹೆಚ್ಚೆಂದರೆ ಐದು ವಾರ. ಅವಧಿ ಮುಗಿದ ಮೇಲೆ ಬಾಕಿ ಇದ್ದದ್ದನ್ನೆಲ್ಲ ಹಾಕಿಸಿಕೊಂಡ ನಂತರವೇ ಇನ್ನೊಂದು ಸಲ ಮುಂದೂಡಲು ಬಿಡುತ್ತದೆ.

ಯಜಮಾನರ ಪ್ರಕಾರ ಈ ಐದು ವಾರ ಯಾವ ಪಂಚಾಂಗಕ್ಕೂ ಹೊಂದದ ಲೆಕ್ಕ. ಲಗ್ನಪತ್ರಿಕೆಯ ಅಂಗಡಿಗೆ ಅಪ್‌ಡೇಟು ಬರಬೇಕಾದದ್ದು ಆಷಾಢದಲ್ಲಿ. ಮದುವೆ ಇಲ್ಲ, ಉಪನಯನ ಇಲ್ಲ, ಗಿರಾಕಿ ಇಲ್ಲ. ಕಂಪ್ಯೂಟರು ಶೇಕಡಾ ಇಪ್ಪತ್ತು ಎಂದು ತೋರಿಸುತ್ತ ಮಧ್ಯಾಹ್ನದವರೆಗೆ ಸುತ್ತಿದರೂ ಕೇಳುವವರಿಲ್ಲ. ಆದರೆ ಮಲೆನಾಡಿನ ಆಷಾಢ! ಮಳೆಗೆ ಎಲ್ಲಿ ಮರ ಬಿದ್ದು ಎಷ್ಟು ಹೊತ್ತಿಗೆ ಲೈನು ಹೋಗುತ್ತದೋ ದೇವರೇ ಬಲ್ಲ. ಪರದೆಯ ಮೇಲೆ ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂಬ ಅಕ್ಷರ, ಕೆಳಗೆ ಯುಪಿಎಸ್ಸಿನ ಕುಯ್ ಕುಯ್, ನಡುವೆ ಕೈಮುಗಿದು ನಿಂತ ಯಜಮಾನರು. ಈ ಚಿತ್ರವನ್ನು ನಾನು ಹಿಂದೆ ಕಂಡಿದ್ದೇನೆ. ಕರೆಂಟು ಇರುವ ಕಾಲದಲ್ಲಿ ಪುರುಸೊತ್ತಿಲ್ಲ, ಪುರುಸೊತ್ತಿರುವ ಕಾಲದಲ್ಲಿ ಕರೆಂಟಿಲ್ಲ.

ಈ 2026ರ ಬೇಸಿಗೆಯಲ್ಲಿ, ಅಕ್ಷಯ ತದಿಗೆಯ ಗಡಿಬಿಡಿ ಮುಗಿದ ಮಾರನೇ ದಿನ ನಾನು ಅಂಗಡಿಗೆ ಹೋದಾಗ ಅಪ್ಪ ಮಗ ಇದೇ ಮಾತಿನಲ್ಲಿದ್ದರು.

‘ಅಪ್ಪಯ್ಯ, ಐದು ವಾರಕ್ಕೆ ಹಾಕಿದ್ರೆ ಮೇ ಕೊನೇ ವಾರಕ್ಕೆ ಬರ್ತದೆ. ಜ್ಯೇಷ್ಠ ಮಾಸ. ಕಾರ್ಡಿನ ಕೆಲಸ ಇರ್ತದಲ.’

‘ತಡಿ’ ಎಂದು ಯಜಮಾನರು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ, ಕಿವಿಯ ಸಂದಿಯ ಪೆನ್ಸಿಲು ತೆಗೆದು, ಒಂದೊಂದೇ ಚೌಕ ಕುಟ್ಟುತ್ತ ಎಣಿಸಿದರು. ಮೇ 17ಕ್ಕೆ ಬಂದಾಗ ಪೆನ್ಸಿಲು ನಿಂತಿತು. ಮುಖ ಅರಳಿತು.

‘ಮಾಣೀ, ಈ ಸಲ ಅಧಿಕ ಜ್ಯೇಷ್ಠ ಅಲ್ದನಾ! ಜೂನ್ ಹದಿನೈದರ ತನಕ ಒಂದು ಮುಹೂರ್ತ ಇಲ್ಲ. ಮಳೆಯೂ ಹಿಡಿದಿರೂದಿಲ್ಲ, ಕರೆಂಟೂ ಇರ್ತದೆ. ಹಾಕು, ಐದು ವಾರಕ್ಕೇ ಹಾಕು.’

ಮಗ ಹಾಕಿದ. ಅಪ್‌ಡೇಟಿಗೆ ಇಷ್ಟು ಪ್ರಶಸ್ತವಾದ ಹೊತ್ತು ಕೂಡಿಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ; ಹಾಗೆಂದು ಹೇಳಿಯೂ ಬಿಟ್ಟೆ. ‘ಬಂದಾಗ ಎಷ್ಟು ಒಟ್ಟಾಗಿರ್ತದೋ ಏನೋ’ ಎಂದು ಮಾತಿಗೆ ಸೇರಿಸಿದೆ.

‘ಎಷ್ಟಾದರೂ ಇರ್ಲಿ ಮಾರಾಯ್ರೆ’ ಎಂದರು ಯಜಮಾನರು, ಕ್ಯಾಲೆಂಡರಿನ ಹಾಳೆ ಇಳಿಬಿಡುತ್ತ. ‘ಅಧಿಕದಲ್ಲಿ ಮೂವತ್ಮೂರು ಅಪ್ಪ ದಾನ ಕೊಡುವ ಕ್ರಮ ಉಂಟಲ್ಲ. ಅವರೂ ಕೊಡ್ಲಿ. ತೆಗೆದುಕೊಳ್ಳುವ.’